ಭಾದ್ರಪದ ಶುದ್ಧ ನವಮಿ: ಮಾನವಿಯ ಶ್ರೀ ಜಗನ್ನಾಥದಾಸರು

ಇಂಥ ತಾರೀಖಿನಂದು ಇಂಥ ಗಾಯಕನು ಹುಟ್ಟಿದನು, ಇಂಥ ಹಾಡಿನ ಧ್ವನಿಮುದ್ರಿಕೆ ಹೊರಬಿದ್ದಿತು, ಇಂಥ ಸಭೆಯಲ್ಲಿ ಜನರು ಮೈಮರೆತರು ಎಂದು ದಿನದಿನಕ್ಕೂ ಪಟ್ಟಿಮಾಡಿ, ತಮ್ಮ ಜನಸಂಗೀತದ ಚರಿತ್ರೆಯನ್ನು ವಾಚಕರಿಗೆ ನೆನಪುಮಾಡಿಕೊಡುವ ಪದ್ಧತಿಯು ಅನ್ಯದೇಶಗಳ ಪತ್ರಿಕೆಗಳಲ್ಲಿ ಉಂಟು. ನಮ್ಮ ನಾಡಿನಲ್ಲಿ ಈ ಕೆಲಸವನ್ನು ಪತ್ರಿಕೆಗಳು ಹುಟ್ಟುವುದಕ್ಕೆ ಬಹುಕಾಲ ಮುಂಚಿನಿಂದಲೂ ಪಂಚಾಂಗವೇ ಮಾಡುತ್ತ ಬಂದಿದೆ. ಪುಷ್ಯ ಬಹುಳ ಪಂಚಮಿ ತ್ಯಾಗರಾಜರ ದಿನ, ಅದೇ ಪಕ್ಷದ ಅಷ್ಟಮಿ ಗೋಪಾಲದಾಸರ ದಿನ, ಅಮಾವಾಸ್ಯೆಯು ಪುರಂದರದಾಸರದು. ಕಾರ್ತಿಕ ಶುದ್ಧ ದಶಮಿ ವಿಜಯದಾಸರದು. ಇಂದು ಭಾದ್ರಪದ ಶುದ್ಧ ನವಮಿ. ಶುಕ್ಲ ಸಂವತ್ಸರದ ಈ ತಿಥಿಯಂದು, ಎಂದರೆ ಕ್ರಿ. ಶ. ೧೮೦೯ರಲ್ಲಿ, ಮಾನವಿಯಲ್ಲಿ ಶ್ರೀ ಜಗನ್ನಾಥದಾಸರು ದೇಹವಿಟ್ಟರು. ಇಂಗ್ಲಿಷ್ ತಾರೀಖು ವರ್ಷವರ್ಷಕ್ಕೂ ಹಿಂದೆಮುಂದೆ ಸರಿಯುವುದಾದರೂ ತಿಥಿಯು ಸರಿಯದು. ಗಣೇಶ ಚೌತಿ ಕಳೆದು ಐದು ದಿನಕ್ಕೆ ಸರಿಯಾಗಿ ಎರಡು ಶತಮಾನಗಳಿಂದ ಇವರ ಹೆಸರಿನಲ್ಲಿ ತಂಬೂರಿಯ ಶ್ರುತಿ ಏಳುತ್ತಲೇ ಇದೆ.

ಸಿರವಾರದಲ್ಲಿ ನಿಂತು ನಾಲ್ಕು ದಿಕ್ಕಿಗೂ ನೋಡಿದವರಿಗೆ ದಾಸಪರಂಪರೆಯ ಭೂಪಟವೇ ಕಣ್ಣೆದುರಿಗೆ ಬಿಚ್ಚಿಕೊಳ್ಳುವುದು. ಪೂರ್ವಕ್ಕೆ ರಾಯಚೂರು, ಪಶ್ಚಿಮಕ್ಕೆ ಲಿಂಗಸುಗೂರಿನ ಹಾದಿ. ಉತ್ತರಕ್ಕೆ ದೇವದುರ್ಗ, ಆ ಸೀಮೆಯ ಮೊಸರಕಲ್ಲು ಗೋಪಾಲದಾಸರು ಹುಟ್ಟಿದ ಊರು. ದಕ್ಷಿಣಕ್ಕೆ ಮಾನವಿ, ಆ ಸೀಮೆಯಲ್ಲಿ ತುಂಗಭದ್ರೆಯ ದಡದ ಚೀಕಲಪರವಿ ವಿಜಯದಾಸರು ಹುಟ್ಟಿದ ಊರು, ಬ್ಯಾಗವಾಟವು ಜಗನ್ನಾಥದಾಸರು ಹುಟ್ಟಿದ ಊರು. ಗುರು, ಶಿಷ್ಯ, ಪ್ರಶಿಷ್ಯ ಹೀಗೆ ಮೂರು ತಲೆಗಳ ಮಹನೀಯರು ಒಂದೆರಡು ದಿನದ ಕಾಲ್ನಡಿಗೆಯ ಅಂತರದಲ್ಲಿ ಜನಿಸಿ, ಕನ್ನಡದ ಹಾಡಿಗೆ ಎರಡನೆಯ ಜನ್ಮವನ್ನು ಕೊಟ್ಟರೆಂದರೆ ಈ ಎಡೆದೊರೆಯ ನೆಲದ ಪುಣ್ಯವೇ ಸರಿ. ಮಳೆಯನ್ನು ನೆಚ್ಚಿ ಜೋಳ ಬೆಳೆಯುತ್ತಿದ್ದ, ಎರಡು ಹೊಳೆಗಳ ನಡುವೆ ಇದ್ದೂ ನೀರಿಗೆ ಬಾಯಾರಿದ್ದ ಸೀಮೆಯಿದು. ಅರಸರ ಆಶ್ರಯವಿಲ್ಲದೆ, ಆಸ್ಥಾನದ ಮನ್ನಣೆಯಿಲ್ಲದೆ ಇಲ್ಲಿ ಬೆಳೆದ ಬೆಳೆಯೆಂದರೆ ಹಾಡು.

ಎರಡನೆಯ ಜನ್ಮವೆಂದು ಹೇಳಿದುದಕ್ಕೆ ಕಾರಣವಿದೆ. ಪುರಂದರದಾಸರು ೧೫೬೪ರಲ್ಲಿ ಕಾಲವಾದರು. ಮರುವರ್ಷವೇ ವಿಜಯನಗರವು ಮುರಿದುಬಿದ್ದಿತು. ಹಂಪೆಯ ಬೀದಿಗಳಲ್ಲಿ ಹುಟ್ಟಿದ ಪದಗಳು ದಿಕ್ಕಾಪಾಲಾದುವು. ಹಾಡುವವರು ಊರೂರಿಗೆ ಚದರಿದರು. ರಾಯಚೂರಿನ ಕೋಟೆ ವಿಜಾಪುರದವರ ಕೈಸೇರಿತು, ಮುಂದೆ ಮೊಗಲರದಾಯಿತು, ೧೭೨೪ರ ನಂತರ ನಿಜಾಮರ ಅಧಿಕಾರಕ್ಕೆ ಬಂದಿತು. ಈ ಏರಿಳಿತಗಳ ನಡುವೆ ದಾಸರ ಹಾಡು ಬಹುಮಟ್ಟಿಗೆ ಮಂಕಾಗಿತ್ತು. ಚೀಕಲಪರವಿಯ ಬಡವರ ಮನೆಯಲ್ಲಿ ಹುಟ್ಟಿ, ಕಾಶಿಯವರೆಗೆ ಅಲೆದು, ಪುರಂದರದಾಸರನ್ನೇ ಗುರುವೆಂದು ಭಾವಿಸಿ ಹಿಂದಿರುಗಿದ ವಿಜಯದಾಸರು ಅದನ್ನು ಮತ್ತೆ ಹೊತ್ತಿಸಿದರು. ಒಂದೇ ಕೃತಿಯಲ್ಲಿ ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂದು ತಾಳದಿಂದ ತಾಳಕ್ಕೆ ಸಾಗುವ ಸುಳಾದಿಯೆಂಬ ಕಠಿನ ಪ್ರಬಂಧವನ್ನು ಅವರು ತತ್ತ್ವವಿಚಾರಕ್ಕೆ ವಾಹನವಾಗಿ ಮಾಡಿಕೊಂಡರು. ಜಗನ್ನಾಥದಾಸರು ಹುಟ್ಟುವ ಹೊತ್ತಿಗೆ ದೀಪವು ಮತ್ತೆ ಉರಿಯುತ್ತಿತ್ತು. ಆದರೆ ಆ ದೀಪದ ಬೆಳಕು ಅವರ ಕಣ್ಣಿಗೆ ಬೀಳಲು ಬಹುಕಾಲ ಹಿಡಿಯಿತು.

ಕೀಲಕ ಸಂವತ್ಸರದ ಶ್ರಾವಣದಲ್ಲಿ, ಎಂದರೆ ೧೭೨೮ರಲ್ಲಿ, ಬ್ಯಾಗವಾಟದ ಕರಣಿಕ ನರಸಿಂಹರಾಯರ ಮನೆಯಲ್ಲಿ ಹುಟ್ಟಿದ ಮಗುವಿಗೆ ಶ್ರೀನಿವಾಸನೆಂದು ಹೆಸರಿಟ್ಟರು. ತಂದೆಯವರು ಊರ ಲೆಕ್ಕಪತ್ರ ನೋಡುತ್ತಿದ್ದ ಅಧಿಕಾರಿ; ಬಳಿಕ ಅವರೂ ದಾಸದೀಕ್ಷೆ ಪಡೆದು ಹರಿಸ್ಮರಣೆಯಲ್ಲಿ ನಿಂತರೆಂದು ಹೇಳುವರು. ಮಗನು ಮಾತ್ರ ಶಾಸ್ತ್ರದ ಹಾದಿ ಹಿಡಿದನು. ಮಂತ್ರಾಲಯದ ಗುರುಪೀಠದ ಆಶ್ರಯದಲ್ಲಿ ವ್ಯಾಕರಣ, ನ್ಯಾಯ, ವೇದಾಂತಗಳನ್ನು ಅಭ್ಯಾಸ ಮಾಡಿದನು. ಈ ವಿದ್ಯಾಭ್ಯಾಸದ ಸಂಬಂಧದಲ್ಲಿ ವರದೇಂದ್ರತೀರ್ಥರ ಹೆಸರನ್ನು ಸಂಪ್ರದಾಯವು ಗೌರವದಿಂದ ಸ್ಮರಿಸುತ್ತದೆ. ಎಳೆಯ ವಯಸ್ಸಿನಲ್ಲಿಯೇ ವಾದದಲ್ಲಿ ಎದುರಿಲ್ಲದವರಾಗಿ ಶ್ರೀನಿವಾಸಾಚಾರ್ಯರೆಂದು ಪ್ರಸಿದ್ಧಿ ಪಡೆದರು. ಮಾನವಿಯಲ್ಲಿ ಶಿಷ್ಯರಿಗೆ ಪಾಠ ಹೇಳತೊಡಗಿದರು.

ವಿದ್ಯೆಯೊಡನೆ ವಿದ್ಯೆಯ ಮದವೂ ಬೆಳೆಯಿತು. ವೇದಾಂತವನ್ನು ಹೇಳುವುದಕ್ಕೆ ಸಂಸ್ಕೃತವೊಂದೇ ತಕ್ಕ ಭಾಷೆ, ಕಾಲಿಗೆ ಗೆಜ್ಜೆ ಕಟ್ಟಿ ಕೈಯಲ್ಲಿ ಚಿಟಿಕೆ ಹಿಡಿದು ಕನ್ನಡದಲ್ಲಿ ಪದ ಹಾಡುತ್ತ ಬೀದಿ ತಿರುಗುವುದು ವಿದ್ವಾಂಸನಿಗೆ ಶೋಭಿಸತಕ್ಕದ್ದಲ್ಲ ಎಂಬುದು ಆಚಾರ್ಯರ ಮತವಾಗಿತ್ತು. ಇದು ಅವರೊಬ್ಬರದೇ ಮತವೆಂದು ತಿಳಿಯಬೇಕಾದುದಿಲ್ಲ. ಆ ಕಾಲದ ಪಂಡಿತರಲ್ಲಿ ಬಹುಮಂದಿ ಹೀಗೆಯೇ ಭಾವಿಸಿದ್ದರು. ತಾಯಿಯು ಆಡುವ ಮಾತು ಅಡಿಗೆಮನೆಗೆ ಸಾಕು, ಸಭೆಗೆ ಸಲ್ಲದು ಎಂಬ ಈ ಭ್ರಾಂತಿ ವೇಷ ಬದಲಿಸಿಕೊಂಡು ಎಲ್ಲ ಕಾಲದಲ್ಲಿಯೂ ಬರುತ್ತದೆ. ಅಂದು ಸಂಸ್ಕೃತದ ಹೆಸರಿನಲ್ಲಿ ಬಂದಿತು, ಮುಂದೆ ಫಾರಸಿಯ ಹೆಸರಿನಲ್ಲಿ ಬಂದಿತು, ಆಮೇಲೆ ಇಂಗ್ಲಿಷಿನ ಹೆಸರಿನಲ್ಲಿ ಬಂದಿತು. ದೋಷವು ಆ ಭಾಷೆಗಳದಲ್ಲ. ತನ್ನದನ್ನು ಕೀಳೆಂದು ತಿಳಿದವನ ಮನಸ್ಸಿನದು.

ಆಚಾರ್ಯರ ಬಾಳು ತಿರುಗಿದ ಪ್ರಸಂಗವನ್ನು ರಾಯಚೂರು ಸೀಮೆಯ ಮನೆಮನೆಯಲ್ಲಿ ಇಂದಿಗೂ ಹೇಳುವರು. ವಿಜಯದಾಸರು ಪರಿವಾರದೊಡನೆ ಮಾನವಿಗೆ ಬಂದು ದೊಡ್ಡ ಸಮಾರಾಧನೆಯನ್ನು ನಡೆಸಿದರು. ಊರ ವಿದ್ವಾಂಸರೆಂದು ಆಚಾರ್ಯರಿಗೂ ಆಮಂತ್ರಣ ಹೋಯಿತು. ಬೀದಿಯಲ್ಲಿ ಹಾಡುವವರ ಪಂಕ್ತಿಯಲ್ಲಿ ಕುಳಿತು ಉಣ್ಣಲು ಅವರಿಗೆ ಮನಸ್ಸಾಗಲಿಲ್ಲ. ಹೊಟ್ಟೆನೋವೆಂದು ನೆಪ ಹೇಳಿ ತಪ್ಪಿಸಿಕೊಂಡರು. ಹೇಳಿದ ನೆಪವು ಕೆಲವೇ ದಿನಗಳಲ್ಲಿ ನಿಜವಾಯಿತು. ಉಂಡದ್ದು ದಕ್ಕದೆ, ಯಾವ ಔಷಧಕ್ಕೂ ಬಗ್ಗದೆ ಉದರವ್ಯಾಧಿಯು ಅವರನ್ನು ಹಣ್ಣುಮಾಡಿತು. ಮಂತ್ರಾಲಯಕ್ಕೆ ಹೋಗಿ ಸೇವೆ ಮಾಡಿದರು; ಅಲ್ಲಿಂದ ದೊರೆತ ಸೂಚನೆಯಂತೆ ವಿಜಯದಾಸರ ಕಾಲಿಗೇ ಬಂದು ಬಿದ್ದರು. ವಿಜಯದಾಸರು ಅವರನ್ನು ತಮ್ಮ ಶಿಷ್ಯರಾದ ಗೋಪಾಲದಾಸರ ಬಳಿಗೆ ಕಳುಹಿದರು.

ಗದ್ವಾಲ ಸೀಮೆಯ ಉತ್ತನೂರಿನಲ್ಲಿ ನೆಲಸಿದ್ದ ಗೋಪಾಲದಾಸರು ವಯಸ್ಸಿನಲ್ಲಿ ಆಚಾರ್ಯರಿಗಿಂತ ಏಳೆಂಟು ವರ್ಷ ಮಾತ್ರ ಹಿರಿಯರು. ಶಾಸ್ತ್ರಪಾಂಡಿತ್ಯದ ಬಿರುದು ಅವರಿಗಿರಲಿಲ್ಲ. ಬಂದ ರೋಗಿಯನ್ನು ಅವರು ಆದರಿಸಿ, ಧನ್ವಂತ್ರಿಯನ್ನು ಕನ್ನಡದಲ್ಲಿ ಹಾಡಿ ಬೇಡಿಕೊಂಡು, ಜೋಳದ ರೊಟ್ಟಿಯನ್ನು ಉಣಬಡಿಸಿದರೆಂದೂ, ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದರೆಂದೂ ಕಥೆ. ಗೋಪಾಲದಾಸರು ೧೭೬೨ರಲ್ಲಿ, ನಲವತ್ತು ದಾಟುತ್ತಿರುವಾಗಲೇ ತೀರಿಕೊಂಡರು. ಜಗನ್ನಾಥದಾಸರು ಎಂಬತ್ತೊಂದು ವರ್ಷ ಬಾಳಿದರು. ಇಬ್ಬರ ಆಯುಷ್ಯಕ್ಕೂ ಇರುವ ಅಂತರ ಹೆಚ್ಚುಕಡಿಮೆ ಆ ನಲವತ್ತೇ.

ಪವಾಡವನ್ನು ನಂಬುವವರು ನಂಬಲಿ. ನಂಬದವರೂ ಇದರ ಅರ್ಥವನ್ನು ಅಲ್ಲಗಳೆಯಲಾರರು. ಜನರ ಪಂಕ್ತಿಯಲ್ಲಿ ಕುಳಿತು ಉಣ್ಣಲಾರೆನೆಂದ ಪಂಡಿತನಿಗೆ ಅನ್ನವೇ ವಿಷವಾಯಿತು. ಜನರು ನಿತ್ಯ ಉಣ್ಣುವ ಜೋಳದ ರೊಟ್ಟಿಯನ್ನು, ಜನರು ನಿತ್ಯ ಆಡುವ ಮಾತಿನ ಹಾಡಿನೊಡನೆ ಉಂಡಾಗ ಅದೇ ಅನ್ನವು ಅಮೃತವಾಯಿತು. ಒಂದು ನಾಡಿನ ವಿದ್ಯಾವಂತರಿಗೂ ಜನಸಾಮಾನ್ಯರಿಗೂ ಇರಬೇಕಾದ ಸಂಬಂಧವನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ದೃಷ್ಟಾಂತವನ್ನು ನಾವು ಕಂಡಿಲ್ಲ.

ಗುಣವಾದ ಬಳಿಕ ಆಚಾರ್ಯರು ಗುರುವಿನ ಅಪ್ಪಣೆ ಪಡೆದು ಪಂಢರಪುರಕ್ಕೆ ನಡೆದರು. ಚಂದ್ರಭಾಗೆಯಲ್ಲಿ ಮುಳುಗಿ ಏಳುವಾಗ ಜಗನ್ನಾಥವಿಠಲನೆಂಬ ಹೆಸರು ಕೊರೆದ ಶಿಲೆ ದೊರೆಯಿತೆಂದೂ, ಅದನ್ನೇ ಅಂಕಿತವಾಗಿ ಶಿರಸಾ ಧರಿಸಿದರೆಂದೂ ಪ್ರತೀತಿ. ಅಂಕಿತವೆಂದರೆ ಪದದ ಕೊನೆಯ ನುಡಿಯಲ್ಲಿ ಬರುವ ಮುದ್ರೆ. ಓಲೆಯೂ ಕಾಗದವೂ ಇಲ್ಲದ ಕಡೆಯಲ್ಲಿ, ಬಾಯಿಂದ ಬಾಯಿಗೆ ಸಾಗುವ ಹಾಡಿಗೆ ಕರ್ತೃವಿನ ಹೆಸರನ್ನು ಕಾಯ್ದುಕೊಡುವ ಉಪಾಯ ಅದು. ಆ ಮುದ್ರೆಯಲ್ಲಿ ಕವಿಯ ಸ್ವಂತ ಹೆಸರಿಲ್ಲ, ದೇವರ ಹೆಸರಿದೆ. ಶ್ರೀನಿವಾಸಾಚಾರ್ಯರೆಂಬ ಬಿರುದಾಂಕಿತ ವಿದ್ವಾಂಸರು ಹೀಗೆ ಅಳಿದು ಜಗನ್ನಾಥದಾಸರು ಉಳಿದರು. ಹಿಂದೆ ಯಾರನ್ನು ಕಂಡು ನಕ್ಕಿದ್ದರೋ ಅವರಂತೆಯೇ ಗೆಜ್ಜೆ ಕಟ್ಟಿದರು. ಮಾನವಿಯ ಬೀದಿಗಳಲ್ಲಿ ತಂಬೂರಿ ಮೀಟಿ ಹಾಡಿದರು.

ಇಲ್ಲಿ ವಾಚಕರು ಗಮನಿಸಬೇಕಾದ ಅಂಶವೊಂದಿದೆ. ದಾಸರಾದ ಮಾತ್ರಕ್ಕೆ ಅವರು ಶಾಸ್ತ್ರವನ್ನು ಬಿಸಾಡಲಿಲ್ಲ; ಅದನ್ನು ಹೊತ್ತುಕೊಂಡೇ ಜನರ ನಡುವೆ ಬಂದರು. ಹರಿಕಥಾಮೃತಸಾರವು ಈ ಸಮಾಗಮದ ಫಲ. ಮಧ್ವಸಿದ್ಧಾಂತದ ತಿರುಳೆಲ್ಲವನ್ನೂ ಮೂವತ್ತೆರಡು ಸಂಧಿಗಳಲ್ಲಿ, ಸಾವಿರಕ್ಕೆ ಸಮೀಪದ ಪದ್ಯಗಳಲ್ಲಿ ಅಡಕಮಾಡಿದ ಈ ಗ್ರಂಥವು ಭಾಮಿನೀ ಷಟ್ಪದಿಯಲ್ಲಿದೆ. ಆ ಛಂದಸ್ಸು ಏಕೆ? ಮೂರು ಮಾತ್ರೆ, ನಾಲ್ಕು ಮಾತ್ರೆ ಎಂದು ಹೆಜ್ಜೆಯಿಕ್ಕುವ ಆ ನಡೆಯು ಗದುಗಿನ ಕುಮಾರವ್ಯಾಸನ ಭಾರತದ ಮೂಲಕ ಹಳ್ಳಿಯ ಚಾವಡಿಗಳಿಗೆ ಚಿರಪರಿಚಿತವಾಗಿತ್ತು. ಓದುಬಾರದವನ ಕಿವಿಗೂ ಅದರ ಲಯ ಗೊತ್ತು. ವೇದಾಂತವನ್ನು ಹೊಸ ಪಾತ್ರೆಯಲ್ಲಿ ಕೊಟ್ಟು ಜನರನ್ನು ಬೆದರಿಸದೆ, ಅವರ ಮನೆಯ ಪಾತ್ರೆಯಲ್ಲಿಯೇ ತುಂಬಿ ಕೊಟ್ಟುದು ದಾಸರ ಜಾಣ್ಮೆ. ಕರುಣಾ, ವ್ಯಾಪ್ತಿ, ವಿಭೂತಿ ಮುಂತಾದ ಸಂಧಿಗಳ ನಡುವೆ ಭೋಜನಕ್ಕೂ ಒಂದು ಸಂಧಿಯನ್ನು ಮೀಸಲಿಟ್ಟಿದ್ದಾರೆ. ಉಣ್ಣುವ ತುತ್ತುತುತ್ತಿನಲ್ಲಿಯೂ ಭಗವಂತನ ರೂಪಗಳನ್ನು ಕಾಣಬೇಕೆಂಬ ಆ ಭಾಗವನ್ನು ಬರೆದವರು, ಒಮ್ಮೆ ಎಲೆಯ ಮುಂದೆ ಕುಳಿತುಕೊಳ್ಳಲು ಒಲ್ಲೆನೆಂದವರೇ ಎಂಬುದನ್ನು ನೆನೆದರೆ ಮನಸ್ಸು ಆರ್ದ್ರವಾಗುತ್ತದೆ.

ಈ ಗ್ರಂಥವು ಸುಲಭವಾದುದೆಂದು ನಾವು ಹೇಳುವುದಿಲ್ಲ. ಇದರಲ್ಲಿ ಶಾಸ್ತ್ರದ ಪರಿಭಾಷೆ ದಟ್ಟವಾಗಿದೆ. ತಾರತಮ್ಯದ ಸಿದ್ಧಾಂತವನ್ನು ಒಪ್ಪದವರೂ ನಾಡಿನಲ್ಲಿ ಬಹಳ ಮಂದಿ ಇರುವರು. ವಚನಕಾರರ ದಾರಿಯಲ್ಲಿ ನಡೆದವರು ಈ ಎಡೆದೊರೆಯಲ್ಲಿಯೇ ಅಸಂಖ್ಯರು. ಮತದ ವಾದಕ್ಕೆ ನಾವು ಇಲ್ಲಿ ಇಳಿಯತಕ್ಕದ್ದಿಲ್ಲ. ಕನ್ನಡಕ್ಕೆ ಇದರಿಂದ ಆದ ಉಪಕಾರವನ್ನು ಮಾತ್ರ ಯಾರೂ ಅಲ್ಲವೆನ್ನಲಾರರು. ಕನ್ನಡದಲ್ಲಿ ಶಾಸ್ತ್ರ ಹೇಳಲಾಗದು ಎಂದಿದ್ದ ಪಂಡಿತನ ಕನ್ನಡ ಗ್ರಂಥಕ್ಕೆ ಮುಂದೆ ಪಂಡಿತರು ಸಂಸ್ಕೃತದಲ್ಲಿ ವ್ಯಾಖ್ಯಾನ ಬರೆದರು. ಮೂಲವು ಸಂಸ್ಕೃತದಲ್ಲಿದ್ದು ಟೀಕೆಯು ಕನ್ನಡದಲ್ಲಿರುವುದೇ ವಾಡಿಕೆ. ಆ ವಾಡಿಕೆಯನ್ನು ತಲೆಕೆಳಗು ಮಾಡಿದುದು ಸಾಮಾನ್ಯವಾದ ವಿಜಯವಲ್ಲ.

ಅದರಷ್ಟು ಹೆಸರಾಗದಿದ್ದರೂ ತತ್ತ್ವಸುವ್ವಾಲಿಯೆಂಬ ಅವರ ಇನ್ನೊಂದು ಕೃತಿಯನ್ನು ನಾವು ಕಡಿಮೆಯೆಂದು ಎಣಿಸಲಾರೆವು. ಸುವ್ವಿಯೆಂಬುದು ಹೆಂಗಸರು ಒರಳಿನ ಮುಂದೆ ನಿಂತು ಕುಟ್ಟುವಾಗ ಹಾಡುವ ಹಾಡು. ತ್ರಿಪದಿಯು ಬೀಸುಕಲ್ಲಿನ ಸುತ್ತು ಕಲಿಸಿಕೊಟ್ಟ ಛಂದಸ್ಸು. ತರ್ಕ, ವ್ಯಾಕರಣಗಳಲ್ಲಿ ಪಳಗಿದ ಕೈ ಒನಕೆಯ ಪೆಟ್ಟಿಗೆ ಸರಿಯಾಗಿ ತ್ರಿಪದಿ ಕಟ್ಟಿತು. ಶಾಸ್ತ್ರಪಾಠಕ್ಕೆ ಅಧಿಕಾರವಿಲ್ಲವೆಂದು ಹೊರಗೆ ನಿಲ್ಲಿಸಲ್ಪಟ್ಟಿದ್ದ ಸ್ತ್ರೀಯರು ಹಿಟ್ಟು ಬೀಸುತ್ತಲೇ ತತ್ತ್ವವನ್ನು ಹಾಡಿಕೊಳ್ಳುವಂತಾಯಿತು. ಹೆಳವನಕಟ್ಟೆಯ ಗಿರಿಯಮ್ಮ, ಹರಪನಹಳ್ಳಿಯ ಭೀಮವ್ವ ಮೊದಲಾದವರು ತಾವೇ ಪದಕಟ್ಟಿ ಹಾಡಿದುದನ್ನು ಇದರೊಡನೆ ಇಟ್ಟು ನೋಡಿದರೆ, ಈ ಸಂಗೀತದ ಅರ್ಧ ಬಾಳು ಹೆಂಗಸರ ಕಂಠದಲ್ಲಿಯೇ ಇತ್ತೆಂಬುದು ಸ್ಪಷ್ಟವಾಗುವುದು.

ದಾಸರು ಬಾಳಿನ ಉತ್ತರಾರ್ಧವನ್ನು ಮಾನವಿಯಲ್ಲಿಯೇ ಕಳೆದರು. ಲಿಂಗಸುಗೂರಿನ ಪ್ರಾಣೇಶದಾಸರು, ಶ್ರೀದವಿಠಲಾಂಕಿತದ ಕರ್ಜಗಿಯ ದಾಸಪ್ಪನವರು ಮುಂತಾದ ಶಿಷ್ಯರು ಅವರಿಂದ ಉಪದೇಶ ಪಡೆದು ಪರಂಪರೆಯನ್ನು ಮುಂದುವರಿಸಿದರು. ಹರಿಕಥಾಮೃತಸಾರದ ಕೊನೆಗೆ ಸೇರಿರುವ ಫಲಸ್ತುತಿಯ ಸಂಧಿಯು ಈ ದಾಸಪ್ಪನವರದು. ಮಾನವಿಯ ಮನೆಯಲ್ಲಿ ದಾಸರು ಒರಗಿ ಕುಳಿತು ಪಾಠ ಹೇಳುತ್ತಿದ್ದ ಕಂಬವನ್ನು ಭಕ್ತರು ಇಂದಿಗೂ ಪೂಜಿಸುತ್ತಾರೆ. ಅರಮನೆಯಿಲ್ಲ, ಜಹಗೀರಿಲ್ಲ, ಗುಡಿಗೋಪುರವಿಲ್ಲ. ಒಬ್ಬ ಉಪಾಧ್ಯಾಯನ ಬೆನ್ನಿಗೆ ಆಸರೆಯಾಗಿದ್ದ ಮರದ ಕಂಬವೇ ಸ್ಮಾರಕ.

ದಾಸರ ನಂತರದ ಕಾಲವನ್ನೂ ಎರಡು ಮಾತಿನಲ್ಲಿ ಹೇಳಬೇಕು. ರಾಯಚೂರು ಸೀಮೆಯು ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿ ಉಳಿಯಿತು. ಮೊದಲು ಫಾರಸಿಯೂ ಬಳಿಕ ಉರ್ದುವೂ ಕಚೇರಿಯ ಭಾಷೆಗಳಾದುವು. ಉನ್ನತ ಶಿಕ್ಷಣವು ಉರ್ದುವಿನಲ್ಲಿ ನಡೆಯಿತು. ಉರ್ದುವಿನ ಸೊಗಸನ್ನು ನಾವು ಬಲ್ಲೆವು, ಅದರ ಮೇಲೆ ನಮಗೆ ದ್ವೇಷವಿಲ್ಲ. ಆದರೆ ಮನೆಯ ಮಾತಿಗೆ ಶಾಲೆಯಲ್ಲಿಯೂ ಕಚೇರಿಯಲ್ಲಿಯೂ ಸ್ಥಳವಿಲ್ಲದೆ ಹೋದಾಗ ಅದು ಎಲ್ಲಿ ಬದುಕಿಕೊಂಡಿತು? ಭಜನೆಯಲ್ಲಿ, ಬೀಸುವ ಪದದಲ್ಲಿ, ಶರಣರ ವಚನದಲ್ಲಿ, ತತ್ತ್ವಪದದಲ್ಲಿ, ಆರಾಧನೆಯ ರಾತ್ರಿ ಹಾಡಿದ ಹರಿಕಥಾಮೃತಸಾರದಲ್ಲಿ. ೧೯೪೮ರ ಸೆಪ್ಟೆಂಬರ್ ೧೩ರಂದು ಭಾರತದ ಸೈನ್ಯವು ಸಂಸ್ಥಾನವನ್ನು ಪ್ರವೇಶಿಸಿ ೧೭ರಂದು ಆ ಆಳಿಕೆಯು ಕೊನೆಗೊಂಡುದು ಇದೇ ಭಾದ್ರಪದದ ಶುಕ್ಲಪಕ್ಷದಲ್ಲಿ, ದಾಸರ ನವಮಿಯ ಆಸುಪಾಸಿನಲ್ಲಿ. ೧೯೫೬ರ ನವೆಂಬರ್ ೧ರಂದು ರಾಯಚೂರು ಕನ್ನಡನಾಡಿನಲ್ಲಿ ಒಂದಾಯಿತು. ಅಂದು ಬಂದು ಸೇರಿದ ಜನರ ಬಾಯಲ್ಲಿ ಕನ್ನಡವು ಬಾಡದೆ ಇದ್ದುದಕ್ಕೆ ಹಾಡಿನ ಋಣ ಬಹಳವಾಗಿದೆ.

ಆ ಋಣವನ್ನು ನಾವು ತೀರಿಸಿದ್ದೇವೆಯೆ? ಅರ್ಧ ತೀರಿಸಿದ್ದೇವೆ. ೧೮೫೦ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರು ದಾಸರ ಪದಗಳನ್ನು ಕೂಡಿಸಿ ಅಚ್ಚುಹಾಕಿಸಿದರು. ಅನ್ಯದೇಶದ, ಅನ್ಯಮತದ ಒಬ್ಬ ವಿದ್ವಾಂಸನು ಮೊದಲು ಕೈಹಾಕಿದನೆಂಬುದನ್ನು ಕೃತಜ್ಞತೆಯಿಂದ ಸ್ಮರಿಸಬೇಕು. ಲಿಂಗಸುಗೂರಿನ ಗೊರೆಬಾಳ ಹನುಮಂತರಾಯರು ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ಈ ಸೀಮೆಯ ದಾಸರ ಕೃತಿಗಳನ್ನು ಒಂದೊಂದಾಗಿ ಬೆಳಕಿಗೆ ತಂದರು. ಗ್ರಾಮಫೋನು, ಆಕಾಶವಾಣಿ, ಧ್ವನಿಸುರುಳಿಗಳು ಬಂದು ದಾಸರ ಪದಗಳು ಮತ್ತೆ ನಾಡೆಲ್ಲ ಹರಡಿದುವು. ಗದುಗಿನ ಭೀಮಸೇನ ಜೋಶಿಯವರು ದಾಸವಾಣಿಯನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿ ಕನ್ನಡವರಿಯದವರ ಕಣ್ಣಲ್ಲಿಯೂ ನೀರು ತರಿಸಿದರು. ಹೀಗೆ ಪದಗಳ ಮಾತು ಉಳಿಯಿತು.

ಮಾತು ಉಳಿಯಿತು, ಮಟ್ಟು ಉಳಿಯಲಿಲ್ಲ. ಹಳೆಯ ಪ್ರತಿಗಳಲ್ಲಿ ಪದದ ತಲೆಯ ಮೇಲೆ ರಾಗತಾಳಗಳ ಹೆಸರು ಮಾತ್ರ ಇರುವುದು. ದಾಸರು ಅದನ್ನು ಹೇಗೆ ಎತ್ತಿಕೊಂಡರು, ಎಲ್ಲಿ ಇಳಿಸಿದರು ಎಂಬುದನ್ನು ಯಾರೂ ಸ್ವರಹಾಕಿ ಬರೆದಿಡಲಿಲ್ಲ. ಪುರಂದರದಾಸರ ಪದಗಳಿಗೂ ಇದೇ ಗತಿಯಾಯಿತು. ಇಂದು ನಾವು ಕೇಳುವ ಧಾಟಿಗಳಲ್ಲಿ ಹೆಚ್ಚಿನವು ಈಚಿನ ಗಾಯಕರು ಕೂಡಿಸಿದುವು. ಅವು ಮಧುರವಾಗಿರುವುದರಲ್ಲಿ ಸಂದೇಹವಿಲ್ಲ. ಆದರೆ ಮಾನವಿ, ದೇವದುರ್ಗ, ಸಿರವಾರದ ಕಡೆಯ ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಧಾಟಿಗಳೇ ಬೇರೆ. ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿತು. ಬೀಸುಕಲ್ಲಿನೊಡನೆ ಹಾಡುವ ಹೊತ್ತೂ ಹೋಯಿತು. ಒಬ್ಬೊಬ್ಬ ಮುದುಕಿಯು ಕಣ್ಣುಮುಚ್ಚಿದಂತೆಲ್ಲ ನಾವು ಹೆಸರೂ ಕೇಳದ ಎಷ್ಟೋ ಧಾಟಿಗಳು ಅವಳೊಡನೆ ಮಣ್ಣಾಗುತ್ತಿವೆ. ಮಾತು ಪಂಡಿತರದಿರಬಹುದು, ಧಾಟಿಯು ಜನರ ಪಾಲು. ಪಂಡಿತರ ಪಾಲನ್ನು ಅಚ್ಚುಹಾಕಿ, ಜನರ ಪಾಲನ್ನು ಕಳೆದುಕೊಂಡರೆ ನಾವು ಮತ್ತೆ ಶ್ರೀನಿವಾಸಾಚಾರ್ಯರ ಹಳೆಯ ಮದಕ್ಕೇ ಹಿಂದಿರುಗಿದಂತಾಯಿತು.

ಇದಕ್ಕೆ ಉಪಾಯವು ದೂರದಲ್ಲಿಲ್ಲ, ವೆಚ್ಚವೂ ದೊಡ್ಡದಲ್ಲ. ಹಿಂದೆ ಒಂದು ಹಾಡನ್ನು ಹಿಡಿದಿಡಲು ಕೋಣೆಯಷ್ಟು ಯಂತ್ರ ಬೇಕಾಗಿತ್ತು. ಇಂದು ಪ್ರತಿಯೊಬ್ಬನ ಜೇಬಿನಲ್ಲಿರುವ ದೂರವಾಣಿಯೇ ಆ ಕೆಲಸವನ್ನು ಮಾಡಬಲ್ಲುದು. ಸಿರವಾರವು ಈಗ ತಾಲ್ಲೂಕಿನ ಕೇಂದ್ರವಾಗಿದೆ. ಶಾಲೆಯ ಉಪಾಧ್ಯಾಯರು ತಮ್ಮ ಮಕ್ಕಳನ್ನು ಅವರವರ ಅಜ್ಜಿಯರ ಮುಂದೆ ಕೂರಿಸಲಿ. ತಾಲ್ಲೂಕಿನ ಅಧಿಕಾರಿಗಳು ಗ್ರಂಥಾಲಯದಲ್ಲಿ ಆ ಧ್ವನಿಗಳಿಗೆ ಒಂದು ಕಪಾಟನ್ನು ಕೊಡಿಸಲಿ. ಹಾಡಿದವರ ಊರು, ಹೆಸರು, ಯಾರಿಂದ ಕಲಿತರೆಂಬ ವಿವರಗಳನ್ನು ಹಾಡಿದವರ ಒಪ್ಪಿಗೆ ಪಡೆದು ಬರೆದಿಡಲಿ. ದಾಸರ ಪದಕ್ಕೆ ಮಾತ್ರವಲ್ಲ, ತತ್ತ್ವಪದಕ್ಕೂ, ಅಲಾಯಿ ಹಾಡಿಗೂ, ಸೋಬಾನೆಗೂ ಆ ಕಪಾಟಿನಲ್ಲಿ ಸ್ಥಳವಿರಲಿ. ಕರಣಿಕರ ಮನೆಯಲ್ಲಿ ಹುಟ್ಟಿ ಪಾಂಡಿತ್ಯದ ಶಿಖರವೇರಿದ ಮಹನೀಯರೊಬ್ಬರು ಮಾನವಿಯ ಬೀದಿಗೆ ಇಳಿದು ಹಾಡಲು ನಾಚಲಿಲ್ಲ. ವಿದ್ಯೆಯನ್ನೂ ಅಧಿಕಾರವನ್ನೂ ಪಡೆದ ನಾವು ಆ ಬೀದಿಯ ಹಾಡನ್ನು ಕೂತು ಕೇಳಿ ಕಾಪಾಡಲು ನಾಚಬೇಕಾದುದಿಲ್ಲ. ಬರುವ ಭಾದ್ರಪದ ಶುದ್ಧ ನವಮಿಗೆ ಒಂದೊಂದು ಹಳ್ಳಿಯಿಂದ ಒಂದೊಂದು ಧಾಟಿಯಾದರೂ ಆ ಕಪಾಟನ್ನು ಸೇರಿದರೆ ದಾಸರ ಆರಾಧನೆಯು ಸಾರ್ಥಕವಾದೀತು.